ಬೆನಾಶ್ ಹೊಗಳಿಬಿಟ್ಟ ವಾರ

ನಮ್ಮ ಬಂದರಿನ ಊರು ರಿಯೆಕಾದಲ್ಲಿ ಹೊಗಳಿಸಿಕೊಳ್ಳಬೇಕಾದರೆ ಮನುಷ್ಯ ಮೊದಲು ಸಾಯಬೇಕು. ಬದುಕಿರುವಷ್ಟು ದಿನ ಅವನು ಜಿಪುಣ, ಜಂಭಗಾರ, ಸಾಲದ್ದಕ್ಕೆ ಮೀನು ಹುರಿಯಲೂ ಬಾರದವನು. ಸತ್ತ ಮರುದಿನ ಫೋಟೋ ಹಾಕಿದ ಸಾವಿನ ಚೀಟಿ ಬೀದಿಯ ಹಲಗೆಗೆ ಅಂಟಿತೋ, ಅವನಂಥ ಬಂಗಾರದ ಮನುಷ್ಯ ಈ ಕಡಲ ದಂಡೆಯಲ್ಲೇ ಹುಟ್ಟಿರಲಿಲ್ಲ. ಸತ್ತ ಎಮ್ಮೆಗೆ ಸೇರು ತುಪ್ಪ. ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, ನನ್ನ ಚೀಟಿಯಲ್ಲಿ ಹೆಸರು, ಇಸವಿ ಬಿಟ್ಟು ಒಂದಕ್ಷರ ಹೆಚ್ಚಿಗೆ ಹಾಕಬೇಡಿ ಎಂದು ಮಗಳಿಗೆ ಹೇಳಿಟ್ಟಿದ್ದೇನೆ.

ಇಂಥ ಊರಿನಲ್ಲಿ, ಹೋದ ವಸಂತದ ಒಂದು ಶನಿವಾರ, ರಾದೊವಾನ್ ಬೆನಾಶ್ ನನ್ನ ಗಂಡನನ್ನು ಪತ್ರಿಕೆಯಲ್ಲಿ ಹೊಗಳಿಬಿಟ್ಟ.

ನನ್ನ ಗಂಡ ಲಿವಿಯೊ ಸುಪೆರಿನಾ ರಾಕ್ ಹಾಡುಗಾರ. ಎಪ್ಪತ್ತು ದಾಟಿದರೂ ಚರ್ಮದ ಜಾಕೆಟ್ ಬಿಟ್ಟಿಲ್ಲ. ಗುಂಡಿ ಮಾತ್ರ ಈಗ ಹೊಟ್ಟೆಯ ಮೇಲೆ ಕೂಡುವುದಿಲ್ಲ. ಈ ಊರಿನ ಮದುವೆ, ಹಡಗು ನೀರಿಗಿಳಿಸುವ ದಿನ, ಫುಟ್‌ಬಾಲ್ ಸೋಲು ಎಲ್ಲದರಲ್ಲೂ, ಬಂದರಿನ ಮೂರನೆಯ ಹಡಗುಕಟ್ಟೆಯ ಮೇಲೆ ಅವನು ಕಟ್ಟಿದ ‘ಮೂರನೆಯ ಧಕ್ಕೆ’ ಹಾಡು ಇರಲೇಬೇಕು. ಬೆನಾಶ್ ಎಂದರೆ ಊರಿನ ಪತ್ರಿಕೆಯಲ್ಲಿ ಸಂಗೀತದ ಬಗ್ಗೆ ಬರೆಯುವವನು. ನಿವೃತ್ತಿಯಾದ ಮೇಲೂ ಬರೆಯುವುದನ್ನು ನಿಲ್ಲಿಸದವನು. ಲಿವಿಯೊನ ಮೊದಲ ರೆಕಾರ್ಡ್ ಬಂದಾಗ, ಇಬ್ಬರಿಗೂ ಮೀಸೆ ಸರಿಯಾಗಿ ಚಿಗುರದ ಕಾಲದಲ್ಲಿ, ಬೆನಾಶ್ ಹೀಗೆ ಬರೆದಿದ್ದ: “ಸುಪೆರಿನಾ ಹಾಡುವುದಿಲ್ಲ, ಬಂದರಿನಲ್ಲಿ ದಾರಿ ಬಿಡಿ ಎಂದು ಕೂಗುತ್ತಾನೆ.” ಅಲ್ಲಿಂದ ಶುರುವಾದದ್ದು. ಎರಡನೆಯ ರೆಕಾರ್ಡಿಗೆ, “ಗಂಟಲಿದೆ, ಅದರ ಮೇಲೆ ತಲೆಯೂ ಇದ್ದಿದ್ದರೆ!” ಎಂದ. ತೊಂಬತ್ತರ ದಶಕದ ಯುದ್ಧದ ನಂತರದ ರೆಕಾರ್ಡಿಗೆ, “ಕರೆಂಟು ಮರಳಿ ಬಂದದ್ದರ ಏಕೈಕ ದುಷ್ಪರಿಣಾಮ” ಎಂದ.

ಲಿವಿಯೊಗೆ ಇವೆಲ್ಲ ಬಾಯಿಪಾಠ. ಎರಡು ಲೋಟ ವೈನ್ ಒಳಗೆ ಹೋದರೆ ಸಾಕು, ಎದ್ದು ನಿಂತು ಬೈಗುಳಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಇಬ್ಬರೂ ಜೀವಮಾನದಲ್ಲಿ ಒಂದು ಮಾತೂ ಆಡಿರಲಿಲ್ಲ. ಕೊರ್ಜೊ ಬೀದಿಯಲ್ಲಿ ಎದುರಾದರೆ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಆದರೂ ಹೊಸ ರೆಕಾರ್ಡ್ ಬಂದಾಗಲೆಲ್ಲ ನನ್ನ ಗಂಡ ಕಾಯುತ್ತಿದ್ದದ್ದು ಅವನೊಬ್ಬನ ಬರಹಕ್ಕೆ.

“ಉಳಿದೋರೆಲ್ಲ ನನ್ನ ಜೊತೆ ಕುಡಿದೋರು ಕಣೇ,” ಎನ್ನುತ್ತಿದ್ದ. “ಬೆನಾಶ್ ಒಬ್ಬನೇ ಕೂತು ಕೇಳ್ತಾನೆ.”

ಈ ಸಲದ್ದು ಅವನ ಮೊದಲ ಲೈವ್ ಆಲ್ಬಮ್. ಇಷ್ಟು ವರ್ಷ ಹಾಡಿ, ಜನರ ಮುಂದೆ ಹಾಡಿದ್ದನ್ನು ರೆಕಾರ್ಡ್ ಮಾಡಿರಲಿಲ್ಲ. ಶರತ್ಕಾಲದಲ್ಲಿ ಹಡಗುಕಟ್ಟೆ ಕೆಲಸಗಾರರ ಹಳೆಯ ಸಭಾಂಗಣದಲ್ಲಿ ಸಂಗೀತ ಕಛೇರಿ ಇಟ್ಟುಕೊಂಡರು. ಹೊರಗೆ ಬೂರಾ ಗಾಳಿ ಹೆಂಚು ಹಾರಿಸುತ್ತಿತ್ತು, ಒಳಗೆ ಜನ ಉಸಿರಾಡಲು ಜಾಗವಿಲ್ಲದಂತೆ ತುಂಬಿದ್ದರು. ಎಲ್ಲ ಚೆನ್ನಾಗಿಯೇ ನಡೆಯಿತು, ‘ಮೂರನೆಯ ಧಕ್ಕೆ’ ಬರುವವರೆಗೆ. ಆ ಹಾಡನ್ನು ಗಿಟಾರ್ ಶುರುಮಾಡಬೇಕು. ಗಿಟಾರಿನವನು ತಂತಿಗೆ ಕೈ ಹಾಕಿದ್ದೇ ತಡ, ಅವನ ಆಂಪ್ಲಿಫೈಯರ್ ಹೊಗೆ ಬಿಟ್ಟು ಸತ್ತಿತು. ಜನ ಶಿಳ್ಳೆ ಹೊಡೆದರು. ಲಿವಿಯೊ ಮೈಕಿನ ಹತ್ತಿರ ಬಂದ. ಆಮೇಲೆ ಶ್ರುತಿಗೆ ಯಾರನ್ನೂ ಕಾಯದೆ, ಗಂಟಲಿಗೆ ಹೇಗೆ ಬಂತೋ ಹಾಗೆ ಒಬ್ಬನೇ ಹಾಡಲು ಶುರುಮಾಡಿದ. ತುಂಬ ಕೆಳಗೆ, ಮಾತಾಡಿದ ಹಾಗೆ. ಎರಡು ಸಾಲು ಆದಮೇಲೆ ಬಾಸ್ ಗಿಟಾರಿನ ಎಜಿದಿಯೊ ಸೇರಿಕೊಂಡ, ಅವನ ಹಿಂದೆ ಉಳಿದವರು.

ಲಿವಿಯೊಗೆ ಶ್ರುತಿಯೆಂದರೆ ಮಾನದ ಪ್ರಶ್ನೆ. ಮೊದಲ ರೆಕಾರ್ಡಿನಲ್ಲಿ ಯಾವ ಎತ್ತರದಲ್ಲಿ ಹಾಡಿದ್ದನೋ ಇವತ್ತೂ ಅದೇ ಎತ್ತರ. ವಯಸ್ಸಾಯಿತೆಂದು ಶ್ರುತಿ ಇಳಿಸಿದ ಹಾಡುಗಾರರನ್ನು ಕಂಡರೆ, “ಅವನು ಏಣಿ ಗಿಡ್ಡ ಮಾಡ್ಕೊಂಡು ಹತ್ತೋ ಗಿರಾಕಿ,” ಎಂದು ನಗುತ್ತಿದ್ದ. ತಾರಕಕ್ಕೆ ಹೋಗುವ ಸಾಲು ಬಂದಾಗ ಮೈಕನ್ನು ಜನರ ಕಡೆ ತಿರುಗಿಸುವುದು ಅವನಿಗೆ ಅಭ್ಯಾಸವಾಗಿತ್ತು; ಜನ ಹಾಡುತ್ತಿದ್ದರು, ಅವನು ಕೈ ಎತ್ತಿ ನಿಲ್ಲುತ್ತಿದ್ದ. ಜನರ ಮೇಲಿನ ಪ್ರೀತಿ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಆ ಸಂಜೆ ಮೈಕು ತಿರುಗಲಿಲ್ಲ. ಕೆಳಗಿನ ಶ್ರುತಿಯಲ್ಲಿ ಪೂರ್ತಿ ಹಾಡನ್ನು ಅವನೇ ಹಾಡಿದ.

ಮನೆಗೆ ಬಂದವನೇ ಜಾಕೆಟ್ ಎಸೆದು, “ಪಾರ್ಕಿನ ಬೆಂಚಲ್ಲಿ ಕೂತ ಮುದುಕನ ಥರ ಹಾಡಿದೆ. ಅದನ್ನ ರೆಕಾರ್ಡಿಂದ ತೆಗೆಸ್ತೀನಿ,” ಎಂದ.

ಧ್ವನಿಮುದ್ರಣದ ಹುಡುಗಿ ತೆಗೆಯಲು ಒಪ್ಪಲಿಲ್ಲ. “ಆ ಹಾಡಿಲ್ಲದ ಆಲ್ಬಮ್ಮಾ? ಉಪ್ಪಿಲ್ಲದ ಸಾರು,” ಎಂದಳು. ಬೇಕಾದರೆ ಸ್ಟುಡಿಯೊಗೆ ಬಂದು ಮತ್ತೊಮ್ಮೆ ಹಾಡಿ, ಅಂಟಿಸಿಬಿಡೋಣ, ಎಲ್ಲರೂ ಮಾಡುವುದೇ ಅದು ಎಂದಳು. ಅದಕ್ಕೆ ನನ್ನ ಗಂಡ ಕೆಂಡವಾದ. ಹಾಡಿದ್ದು ಹಾಡಿಯಾಯಿತು, ಲೈವ್ ಅಂದಮೇಲೆ ಲೈವ್, ಸುಳ್ಳು ಅಂಟಿಸುವವನು ನಾನಲ್ಲ ಎಂದು ಕೂಗಾಡಿದ. ಹೀಗೆ ತನ್ನ ಹಟಕ್ಕೆ ತಾನೇ ಸಿಕ್ಕಿಕೊಂಡು, ನಾಚಿಕೆಯ ಆ ಹಾಡನ್ನು ಹಾಗೆಯೇ ಬಿಟ್ಟ.

ಆಲ್ಬಮ್ ಬಂತು. ರಾಜಧಾನಿಯ ಒಬ್ಬ ಎಳೆಯ ವಿಮರ್ಶಕ, “ಅಜ್ಜ ಇನ್ನೂ ಗುಡುಗುತ್ತಾರೆ” ಎಂದು ಬರೆದ. ಗುಡುಗಿಗಿಂತ ಅಜ್ಜ ಎಂದದ್ದೇ ಲಿವಿಯೊಗೆ ಹೆಚ್ಚು ತಾಗಿತು. ಗಡಿಯಾಚೆಯ ಲ್ಯೂಬ್ಲಾನಾದ ಪತ್ರಿಕೆ ‘ಗೌರವಾರ್ಹ’ ಎಂಬ ಒಂದು ಮಾತಿನಲ್ಲಿ ಕೈತೊಳೆದುಕೊಂಡಿತು. ಅವನು ಯಾವುದಕ್ಕೂ ತಲೆಕೆಡಿಸಿಕೊಳ್ಳದೆ ಶನಿವಾರಕ್ಕೆ ಕಾಯುತ್ತಿದ್ದ.

ಶನಿವಾರ ಬೆಳಿಗ್ಗೆ ಮನೆಯೊಳಗಿನ ಚಪ್ಪಲಿಯಲ್ಲೇ ಮೂಲೆಯ ಅಂಗಡಿಗೆ ಹೋಗಿ ಪತ್ರಿಕೆ ತಂದ. ಕಾಫಿ ಬಗ್ಗಿಸಿಕೊಂಡ, ಕನ್ನಡಕ ಒರೆಸಿದ, ಬೈಸಿಕೊಳ್ಳಲು ಹದವಾಗಿ ಕುರ್ಚಿಯಲ್ಲಿ ಕೂತ. ನಾನು ಸೊಪ್ಪು ಬಿಡಿಸುತ್ತಿದ್ದೆ. ಎಷ್ಟು ಹೊತ್ತಾದರೂ ನಗು ಕೇಳಲಿಲ್ಲ, ಶಾಪವೂ ಕೇಳಲಿಲ್ಲ. ತಿರುಗಿ ನೋಡಿದರೆ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

“ನಿವೆಸ್,” ಎಂದ. “ಡಾಕ್ಟರ್ ಯೆಲೂಶಿಚ್ ನಿನ್ ಹತ್ರ ಏನಂದ್ರು?”

“ಯಾವ ಡಾಕ್ಟರು? ಏನಂದ್ರು?”

“ನನ್ ಎಕ್ಸ್‌ರೇ ನೋಡಿ. ಮುಚ್ಚಿಡಬೇಡ. ಏನಂದ್ರು?”

ನಾನು ಪತ್ರಿಕೆ ಕಸಿದುಕೊಂಡು ಓದಿದೆ. ಬೆನಾಶ್ ಬರೆದಿದ್ದ: “ಈ ಊರು ಅರ್ಧ ಆಯುಷ್ಯ ಸುಪೆರಿನಾನ ಗದ್ದಲದ ಜೊತೆ ಕಳೆದಿದೆ. ‘ಮೂರನೆಯ ಧಕ್ಕೆ’ಯನ್ನು ಅವನು ಈ ರೆಕಾರ್ಡಿನಲ್ಲಿ ಹಾಡಿದಂತೆ ನಮ್ಮ ಭಾಷೆಯಲ್ಲಿ ಇನ್ನಾರೂ ಯಾವ ಹಾಡನ್ನೂ ಹಾಡಿದ್ದು ನಾನು ಕೇಳಿಲ್ಲ. ಅವನು ನಮ್ಮವನಾಗಿದ್ದದ್ದು ನಮ್ಮ ಪುಣ್ಯ.”

“ನಮ್ಮವನಾಗಿದ್ದದ್ದು!” ಎಂದ ಲಿವಿಯೊ. “ನೋಡು, ಆಗಲೇ ಭೂತಕಾಲ.”

ಫೆಬ್ರುವರಿಯಲ್ಲಿ ಕೆಮ್ಮು ಬಂದು ಅವನ ಎದೆಯ ಎಕ್ಸ್‌ರೇ ತೆಗೆಸಿದ್ದು ನಿಜ. ಬರೀ ಶೀತ. ಆದರೆ ನಮ್ಮ ಕಡೆಯ ಹಳೆಯ ಡಾಕ್ಟರುಗಳ ಪದ್ಧತಿ ಎಲ್ಲರಿಗೂ ಗೊತ್ತು: ಕೆಟ್ಟ ಸುದ್ದಿಯನ್ನು ಮನೆಯವರನ್ನು ಬಾಗಿಲಾಚೆ ಕರೆದು ಹೇಳುತ್ತಾರೆ, ರೋಗಿಗೆ ಮಾತ್ರ ಬೆನ್ನು ತಟ್ಟಿ ಕಳಿಸುತ್ತಾರೆ. ನನ್ನ ಮಾವ ಹಾಗೆಯೇ ಹೋದರು. ಇಡೀ ಬೀದಿಗೆ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು. ಲಿವಿಯೊ ಲೆಕ್ಕ ಹಾಕಿಬಿಟ್ಟ. ಡಾಕ್ಟರು ನನಗೆ ಹೇಳಿದ್ದಾರೆ, ನಾನು ಬೀದಿಗೆ ಹೇಳಿದ್ದೇನೆ, ಬೀದಿ ಬೆನಾಶನಿಗೆ ಹೇಳಿದೆ.

ನಾನು ನಕ್ಕೆ. ನಗಬಾರದಿತ್ತು. ಏಕೆಂದರೆ ಇಡೀ ಊರು ಅದೇ ಲೆಕ್ಕ ಹಾಕಿತ್ತು.

ಮಧ್ಯಾಹ್ನಕ್ಕೆ ಮೂರನೆಯ ಮಹಡಿಯ ಓಂದಿನಾ ಬಂದಳು. ಕೈಯಲ್ಲಿ ಒಂದು ಪೊಟ್ಟಣ ಕಾಫಿಪುಡಿ, ಒಂದು ಪೊಟ್ಟಣ ಸಕ್ಕರೆ, ಒಂದು ಬಾಟಲಿ ಬ್ರಾಂದಿ. ರೋಗಿಯ ಮನೆಗೆ, ಸಾವಿನ ಮನೆಗೆ ತೆಗೆದುಕೊಂಡು ಹೋಗುವ ಸಾಮಾನು ಇದೇ.

“ಅಕ್ಕಾ,” ಎಂದು ಪಿಸುಗುಟ್ಟಿದಳು, “ಊಟ ಸೇರ್ತಿದೆಯಾ ಅವರಿಗೆ?”

“ಓಂದಿನಾ, ಬೆಳಿಗ್ಗೆ ಒಂದು ತಟ್ಟೆ ಸಾರ್ಡೀನ್ ತಿಂದಿದಾನೆ.”

“ತಿನ್ಲಿ ಅಕ್ಕಾ, ತಿನ್ಲಿ. ಆಸೆಪಟ್ಟಿದ್ದನ್ನೆಲ್ಲ ಮಾಡಿಹಾಕಿ ಈಗ,” ಎಂದು ಅಂಗೈಯಲ್ಲೇ ಕಣ್ಣೊರೆಸಿಕೊಂಡಳು.

“ಅವನಿಗೇನೂ ಆಗಿಲ್ಲ ಮಾರಾಯ್ತಿ!”

“ಗೊತ್ತು ಅಕ್ಕಾ. ಧೈರ್ಯವಾಗಿರಬೇಕು. ಬೆನಾಶಂಥ ಕಲ್ಲುಮನಸ್ಸಿನೋನೇ ಕರಗಿದಾನೆ ಅಂದ್ರೆ ನಮಗೆ ಗೊತ್ತಾಗಲ್ವಾ?”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಸೋಮವಾರ ಮಾರುಕಟ್ಟೆಯಲ್ಲಿ ಮೀನಿನವಳು, ಇಷ್ಟು ವರ್ಷ ನನಗೆ ಹಳಸಲು ದಾಟಿಸಲು ನೋಡಿದವಳು, ಅತ್ಯುತ್ತಮ ಮೀನನ್ನು ತೂಗದೆಯೇ ಚೀಲಕ್ಕೆ ಸುರಿದಳು. ನಗರಸಭೆಯಿಂದ ಫೋನ್ ಬಂತು: ಲಿವಿಯೊಗೆ ಜೀವಮಾನ ಸಾಧನೆಯ ಪ್ರಶಸ್ತಿ, “ಆದಷ್ಟು ಬೇಗ” ಕೊಡಬೇಕೆಂದಿದ್ದಾರೆ. ಎಜಿದಿಯೊ ಬಂದು ಟೋಪಿ ಕೈಯಲ್ಲಿ ಹಿಡಿದು ಹಜಾರದಲ್ಲೇ ನಿಂತ. ಇವರಿಬ್ಬರು ಶಾಲೆಯ ದಿನಗಳಿಂದ ಗೆಳೆಯರು, ಒಳಗೆ ಬರಲು ಅವನೆಂದೂ ಅಪ್ಪಣೆ ಕೇಳಿದವನಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಾಫಿ ಪೊಟ್ಟಣಗಳು ಗೋಡೆ ಕಟ್ಟಿದವು.

ನಾನು ಡಾಕ್ಟರಿಗೇ ಫೋನ್ ಮಾಡಿ ಅವನ ಕಿವಿಗೆ ಹಿಡಿದೆ. ಡಾಕ್ಟರ್ ಯೆಲೂಶಿಚ್ ನಗುತ್ತ ಕಿರುಚಿದ್ದು ನನಗೂ ಕೇಳಿಸಿತು: “ನಿನ್ನ ಎದೆ ಕಮ್ಮಾರನ ತಿದಿ ಇದ್ದ ಹಾಗಿದೆ ಮಾರಾಯ! ನನ್ನನ್ನ ಹೂತು ಬರ್ತೀಯ ನೀನು!”

ಫೋನ್ ಇಟ್ಟು ಲಿವಿಯೊ ಹೇಳಿದ: “ನೋಡಿದ್ಯಾ, ಎಷ್ಟು ಜೋರಾಗಿ ನಗ್ತಾ ಮಾತಾಡ್ತಾರೆ! ಮುಚ್ಚಿಡೋಕೇನೂ ಇಲ್ದೋರು ಅಷ್ಟು ನಗಲ್ಲ.”

ಇಲ್ಲಿಯವರೆಗೆ ನನಗೆ ಸಿಟ್ಟು ಮಾತ್ರ ಬರುತ್ತಿತ್ತು. ಬುಧವಾರ ಭಯವಾಯಿತು. ಬುಧವಾರ ಅವರ ಬ್ಯಾಂಡಿನ ಅಭ್ಯಾಸದ ದಿನ. ಅವನು ಹೋಗಲಿಲ್ಲ. ಜೂನ್‌ನಲ್ಲಿ ಕೋಟೆಯ ಮೇಲೆ ಕಛೇರಿ ಇತ್ತು, ಅದರ ಆಯೋಜಕರಿಗೆ ಫೋನ್ ಮಾಡಿ, ಬೇರೆಯವರನ್ನು ನೋಡಿಕೊಳ್ಳಿ, ನಾನು ಹಾಡುವುದಿಲ್ಲ ಎಂದುಬಿಟ್ಟ. ಆಯೋಜಕ ವಾದ ಕೂಡ ಮಾಡಲಿಲ್ಲವಂತೆ, “ಖಂಡಿತ, ಖಂಡಿತ, ನೀವು ವಿಶ್ರಾಂತಿ ತಗೊಳ್ಳಿ” ಎಂದನಂತೆ. ಸೋಮವಾರ ಬೆಳಿಗ್ಗೆ ಬೇರೆ ಹೆಸರು ಹಾಕಿ ಭಿತ್ತಿಪತ್ರ ಅಚ್ಚಿಗೆ ಹೋಗುತ್ತದೆ ಎಂದೂ ಹೇಳಿದನಂತೆ.

“ಯಾಕೋ ಹೀಗ್ ಮಾಡ್ದೆ?” ಎಂದು ಕೇಳಿದೆ.

“ಆ ಹಾಡನ್ನ ಹೊಗಳಿದಾನೆ ಅವನು. ನಾನು ಹಾಡಿದ್ರಲ್ಲೇ ಅತ್ಯಂತ ಕೆಟ್ಟದ್ದನ್ನ. ಅಂದ್ರೆ ಏನರ್ಥ? ಎದೆ ಚೆನ್ನಾಗಿದ್ರೂ ಒಂದೇ, ಕೆಟ್ಟಿದ್ರೂ ಒಂದೇ. ಬೆನಾಶ್ ಕೂಡ ನನ್ನನ್ನ ನೋಡಿ ಅಯ್ಯೋ ಪಾಪ ಅಂತಾನೆ. ಅಯ್ಯೋ ಪಾಪ ಅನ್ನೋರ ಮುಂದೆ ನಾನು ಹೇಗೆ ಹಾಡ್ಲಿ ನಿವೆಸ್?”

ನನ್ನ ಗಂಡ ಹಲ್ಲುಜ್ಜುವಾಗ ಹಾಡುತ್ತಾನೆ, ಷೂ ದಾರ ಕಟ್ಟುವಾಗ ಹಾಡುತ್ತಾನೆ, ಪಕ್ಕದ ಮನೆಯವರ ನಾಯಿಗೆ ಹಾಡು ಕಟ್ಟಿದ್ದಾನೆ. ನಾನು ಅವನಿಗೆ ಸಾವಿರ ಸಲ ಬಾಯಿಮುಚ್ಚು ಎಂದಿದ್ದೇನೆ. ಆ ವಾರ ಅವನು ಬಾಯಿ ಮುಚ್ಚಿದ. ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸತೊಡಗಿತು. ಹಾಡದ ಲಿವಿಯೊನ ಜೊತೆ ನಾನು ಒಂದು ದಿನವೂ ಬಾಳಿರಲಿಲ್ಲ, ಬಾಳಲು ಕಲಿಯುವ ಆಸೆಯೂ ನನಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೋಟು ಹಾಕಿಕೊಂಡು ಬೆನಾಶನ ಮನೆ ಹುಡುಕಿಕೊಂಡು ಹೋದೆ. ಊರಿನ ಮೇಲ್ಭಾಗದಲ್ಲಿ, ಮೆಟ್ಟಿಲು ಹತ್ತಿ ಹತ್ತಿ ನನ್ನ ಜೀವ ಬಾಯಿಗೆ ಬಂತು. ಬಾಗಿಲು ತೆರೆದವನು ಸಣಕಲು ಮುದುಕ, ಮೊಣಕೈ ಹರಿದ ಸ್ವೆಟರ್, ಕೈಯಲ್ಲಿ ಮೆಕ್ಕೆಜೋಳದ ಪೊಲೆಂತಾ ಮುದ್ದೆ ತಿರುವುವ ಮರದ ಸೌಟು. ಹಿಂದೆ ಗೋಡೆ ತುಂಬ ರೆಕಾರ್ಡುಗಳು.

“ನಾನು ಲಿವಿಯೊ ಸುಪೆರಿನಾ ಹೆಂಡತಿ,” ಎಂದೆ. “ನಮ್ಮನೆಗೆ ಬಂದು ನನ್ ಗಂಡನಿಗೆ ಸರಿಯಾಗಿ ಬೈದು ಹೋಗಬೇಕು ನೀವು.”

ಅವನು ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತ. “ಏನಂದ್ರಿ?”

ಅವನ ಹಿಂದೆ ಅಡುಗೆಮನೆಗೆ ಹೋಗಿ ಎಲ್ಲ ಹೇಳಿದೆ. ಓಂದಿನಾಳ ಸಕ್ಕರೆಯಿಂದ ಕೋಟೆಯ ಕಛೇರಿಯವರೆಗೆ. ಅವನು ಪೊಲೆಂತಾ ತಿರುವುತ್ತಲೇ ಕೇಳಿದ, ಒಮ್ಮೆಯೂ ನಗಲಿಲ್ಲ.

“ನೋಡಿ ತಾಯಿ,” ಎಂದ ಕೊನೆಗೆ. “ಯಾರೋ ಹೇಳಿದ್ರು ಅಂತ ನಾನು ಬೈಯೋನೂ ಅಲ್ಲ, ಹೊಗಳೋನೂ ಅಲ್ಲ. ಆ ಮನುಷ್ಯನ ಬಗ್ಗೆ ಒಂದು ಒಳ್ಳೇ ಮಾತು ಬರೆಯೋಕೆ ನಾನು ಇಷ್ಟು ವರ್ಷ ಕಾದಿದೀನಿ. ಅದನ್ನ ವಾಪಸ್ ತಗೊಳ್ಳಿ ಅಂತೀರಲ್ಲ, ನ್ಯಾಯವಾ?”

“ಅಯ್ಯೋ ಪಾಪ ಅಂತ ಬರೆದ್ರಾ?”

“ನಮ್ಮಮ್ಮನಿಗೇ ನಾನು ಅಯ್ಯೋ ಪಾಪ ಅಂದೋನಲ್ಲ. ಕೇಳಿ ನೋಡಿ ಬೇಕಾದ್ರೆ... ಈಗಿಲ್ಲ ಅವಳು.”

“ಮತ್ಯಾಕೆ ಬರೆದ್ರಿ?”

“ಅದನ್ನ ಅವರಿಗೆ ಹೇಳ್ತೀನಿ. ಅವರು ಇಷ್ಟು ವರ್ಷದಲ್ಲಿ ನನ್ನನ್ನ ಒಂದು ಮಾತು ಕೇಳಿಲ್ಲ. ಬೈದಾಗ್ಲೂ ಕೇಳ್ಲಿಲ್ಲ.” ಸೌಟು ಕೆಳಗಿಟ್ಟ. “ಭಾನುವಾರ ಬರ್ತೀನಿ. ಊಟ ಬೇಡ. ರೆಕಾರ್ಡ್ ಪ್ಲೇಯರ್ ಸರಿಯಿದೆ ತಾನೇ?”

ಭಾನುವಾರ ಮಧ್ಯಾಹ್ನ ಬಂದ. ನಮ್ಮಲ್ಲಿ ಯಾರ ಮನೆಗೂ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ; ಬರಿಗೈಯಲ್ಲಿ ಬರುವವರು ಪೊಲೀಸರು ಮಾತ್ರ. ಬೆನಾಶ್ ಎರಡೂ ಕೈ ಚಾಚಿ ಲಿವಿಯೊಗೆ ತೋರಿಸಿದ.

“ಏನೂ ತಂದಿಲ್ಲ. ನಾನು ರೋಗಿ ನೋಡೋಕೆ ಬಂದಿಲ್ಲ.”

“ಬನ್ನಿ, ಕೂತ್ಕೊಳ್ಳಿ,” ಎಂದ ಲಿವಿಯೊ, ಆಸ್ಪತ್ರೆಯ ಹಾಸಿಗೆಯಿಂದ ಹೇಳಿದಂತೆ. ವಾರದಿಂದ ಗಡ್ಡ ಕೆರೆದಿರಲಿಲ್ಲ.

ಬೆನಾಶ್ ತಾನೇ ರೆಕಾರ್ಡ್ ಹಾಕಿದ, ತಾನೇ ಮುಳ್ಳು ಇಟ್ಟ. ಮೊದಲ ಹಾಡು ಅರ್ಧ ಆಗುವಷ್ಟರಲ್ಲಿ ಮುಳ್ಳು ಎತ್ತಿದ.

“ಇಲ್ಲಿ ತಾಳಕ್ಕಿಂತ ಮುಂಚೆ ಬಂದಿದೀರಿ. ಬಸ್ ಹಿಡಿಯೋಕೆ ಓಡೋರ ಥರ.”

ಎರಡನೆಯ ಹಾಡಿಗೆ, “ಈ ಸಾಲಲ್ಲಿ ಸ್ವರ ಹತ್ರಾನೂ ಸುಳಿದಿಲ್ಲ, ದೂರದಿಂದ ಕೈ ಬೀಸಿದೀರಿ ಅಷ್ಟೇ,” ಎಂದ ಬೆನಾಶ್. ಮೂರನೆಯದಕ್ಕೆ, “ಇಷ್ಟು ಹೊತ್ತು ಜನರ ಕೈಲೇ ಹಾಡಿಸೋದಾದ್ರೆ ಟಿಕೆಟ್ ನೀವು ತಗೋಬೇಕಿತ್ತು,” ಎಂದ.

ಲಿವಿಯೊ ಕುರ್ಚಿಯಲ್ಲಿ ಮುಂದಕ್ಕೆ ಬಂದ. ಕೆನ್ನೆಗೆ ರಕ್ತ ಬಂದಿತ್ತು. “ಅಲ್ಲಿ ಡ್ರಮ್ಮಿನೋನು ಹಿಂದೆ ಬಿದ್ದಿದ್ದ!”

“ಡ್ರಮ್ಮಿನೋನು ಗಡಿಯಾರದ ಥರ ಬಾರಿಸಿದಾನೆ. ಹಿಂದೆ ಬಿದ್ದಿದ್ದು ನೀನು.”

“ನಿನ್ ಕಿವಿಗೆ ಮೇಣ ತುಂಬಿದೆ!”

“ನಿನ್ ಬಾಯಿಗೆ ತುಂಬ್ಬೇಕಿತ್ತು!”

ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ನೀವು ಹೋಗಿ ನೀನು ಬಂದಿತ್ತು. ಇಬ್ಬರ ದನಿಯೂ ಏರಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷವಾಗಿತ್ತು ನನಗೆ. ಓಂದಿನಾಳ ಬ್ರಾಂದಿ ತೆಗೆದು ಎರಡು ಲೋಟಕ್ಕೆ ಸುರಿದು ತಂದಿಟ್ಟೆ.

ಆಗ ಬಂತು ‘ಮೂರನೆಯ ಧಕ್ಕೆ’. ಆಂಪ್ಲಿಫೈಯರ್ ಸತ್ತ ಸದ್ದು, ಜನರ ಶಿಳ್ಳೆ, ಆಮೇಲೆ ಅವನ ದನಿ.

“ಇದನ್ನ ಬಿಟ್ಟು ಮುಂದಕ್ಕೆ ಹೋಗು,” ಎಂದ ಲಿವಿಯೊ.

“ಇದಕ್ಕೋಸ್ಕರಾನೇ ನಾನು ಬಂದಿರೋದು. ಸುಮ್ನೆ ಕೇಳು.”

ಹಾಡು ಕೊನೆಯವರೆಗೆ ಹೋಯಿತು. ಬೆನಾಶ್ ಮುಳ್ಳು ಎತ್ತಲಿಲ್ಲ. ಮುಗಿದ ಮೇಲಷ್ಟೇ ಎತ್ತಿ, ಲೋಟ ತಿರುಗಿಸುತ್ತ ಕೇಳಿದ: “ಈ ಹಾಡಲ್ಲಿ ಮಾತಾಡೋದು ಯಾರು?”

“ತಾಯಿ. ಹಡಗು ಹತ್ತೋ ಮಗನಿಗೆ ಹೋಗಬೇಡ ಅಂತಾಳೆ. ನಾನೇ ಬರೆದಿದ್ದು, ನನಗೆ ಗೊತ್ತಿಲ್ವಾ?”

“ಹಡಗು ಆಗಲೇ ಬಿಟ್ಟಾಗಿದೆ. ಮಗನಿಗೆ ಕೇಳಿಸಲ್ಲ. ಅವಳು ಕಿರುಚ್ತಾಳಾ? ಅವಳಷ್ಟಕ್ಕೆ ಅವಳು ಹೇಳ್ಕೋತಾಳೆ. ನೀನು ಇಷ್ಟು ವರ್ಷ ಕಿರುಚಿದ್ದೀಯ. ಜನ ನೋಡ್ತಿದ್ದದ್ದು ಆ ಮೇಲಿನ ಸ್ವರ ಮುಟ್ತಾನೋ ಇಲ್ವೋ ಅಂತ. ನಾನೂ ಅದನ್ನೇ ನೋಡ್ತಿದ್ದೆ. ಆ ಹೆಂಗಸು ಏನು ಹೇಳ್ತಿದಾಳೆ ಅಂತ ಒಬ್ಬನಿಗೂ ಕೇಳ್ಸಿರಲಿಲ್ಲ. ಈ ಸಲ ಕೇಳಿಸ್ತು. ನಾನು ಮನೇಲಿ ಒಬ್ನೇ ಕೂತು ಅತ್ತೆ. ಅದಕ್ಕೆ ಬರೆದೆ.”

“ನಾನು ಬೇಕು ಅಂತ ಹಾಡಿದ್ದಲ್ಲ ಅದು. ಎಟಕಲ್ಲ ಅನ್ನಿಸ್ತು, ಅದಕ್ಕೆ...” ಎಂದು ಲಿವಿಯೊ ನಿಲ್ಲಿಸಿದ.

“ಎಟಕಲ್ಲ. ನಿನ್ ಗಂಟಲು ಹೋಗಿದೆ ಕಣೋ ಲಿವಿಯೊ. ಹೋಗಿ ಬಹಳ ವರ್ಷ ಆಯ್ತು.”

ರೆಕಾರ್ಡ್ ಸುಮ್ಮನೆ ತಿರುಗುತ್ತಿತ್ತು.

ಲಿವಿಯೊ ನನ್ನ ಕಡೆ ನೋಡಿದ. “ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು,” ಎಂದೆ.

“ಎಜಿದಿಯೊಗೆ?”

“ಎಲ್ಲರಿಗೂ.”

ಹಾಗಾದರೆ ಅವನ ಲೆಕ್ಕ ಪೂರ್ತಿ ತಪ್ಪಾಗಿರಲಿಲ್ಲ. ನಾವೆಲ್ಲ ಬಾಗಿಲಾಚೆ ನಿಂತು ಅವನಿಂದ ಒಂದು ಸುದ್ದಿ ಮುಚ್ಚಿಟ್ಟಿದ್ದೆವು, ಎದೆಯದ್ದಲ್ಲ, ಗಂಟಲಿನದ್ದು. ಪ್ರೀತಿಯಿಂದಲೇ ಮುಚ್ಚಿಟ್ಟಿದ್ದೆವು. ಹೇಳುವ ಧೈರ್ಯ ಬಂದದ್ದು ಅವನ ಜೊತೆ ಅದುವರೆಗೆ ಎಂದೂ ಕುಡಿಯದ ಈ ಒಬ್ಬ ಮನುಷ್ಯನಿಗೆ.

ಲಿವಿಯೊ ಬ್ರಾಂದಿ ಒಂದೇ ಗುಟುಕಿಗೆ ಮುಗಿಸಿದ. ಅವನು ಬೆನಾಶನನ್ನು ಹೊರಗೆ ತಳ್ಳುತ್ತಾನೆ ಎಂದುಕೊಂಡೆ. ಅವನು ಕೇಳಿದ್ದು ಇಷ್ಟೇ: “ಹಾಗಾದ್ರೆ ನಾನು ಚಿಕ್ಕವನಿದ್ದಾಗ, ಗಂಟಲಿದ್ದಾಗ, ಚೆನ್ನಾಗಿ ಹಾಡ್ತಿದ್ನಾ?”

“ಇಲ್ಲ,” ಎಂದ ಬೆನಾಶ್.

ಲಿವಿಯೊಗೆ ನಗು ಬಂತು. ನಗುತ್ತ ನಗುತ್ತ ಕೆಮ್ಮು ಬಂತು. ನಾನು ಬೆನ್ನು ತಟ್ಟಿದೆ. ಬೆನಾಶ್ ಮಾತ್ರ ನಗದೆ ರೆಕಾರ್ಡನ್ನೇ ನೋಡುತ್ತಿದ್ದ.

“ಒಂದು ವಿಷಯ ನನಗೆ ಅರ್ಥ ಆಗಿಲ್ಲ,” ಎಂದ. “ನೀನು ಶ್ರುತೀನ ಮೂರು ಮನೆ ಕೆಳಗಿಳಿಸಿ ಶುರುಮಾಡ್ದೆ. ಯಾರಿಗೂ ಹೇಳದೇನೇ. ಎರಡು ಸಾಲಿಗೆ ನಿನ್ನ ಬ್ಯಾಂಡಿನೋರು ಸೇರ್ಕೊಂಡ್ರು. ಎಲ್ಲರೂ, ಒಂದು ತಪ್ಪು ಸ್ವರ ಇಲ್ದೆ. ಅಷ್ಟು ಹಳೇ ಹಾಡನ್ನ ಬೇರೆ ಶ್ರುತೀಲಿ ಹಾಗೆ ಎತ್ಕೊಂಡು ಬಾರಿಸೋಕೆ ಆಗಲ್ಲ. ತಡಕಾಡ್ತಾರೆ. ಇವರು ತಡಕಾಡಿಲ್ಲ. ಯಾವಾಗ ಕಲಿಸಿದ್ದೆ ನೀನು?”

“ನಾನು ಕಲಿಸಿಲ್ಲ. ಆ ಶ್ರುತೀಲಿ ನಾವು ಒಂದ್ಸಲಾನೂ ಬಾರಿಸಿಲ್ಲ.”

ಅಂದವನೇ ಎದ್ದು ಎಜಿದಿಯೊಗೆ ಫೋನ್ ಮಾಡಿದ. ಎಜಿದಿಯೊಗೆ ಕಿವಿ ಮಂದ, ಫೋನಿನಲ್ಲಿ ಕೂಗುತ್ತಾನೆ. ಅವನ ಮಾತೆಲ್ಲ ನಮಗೂ ಕೇಳಿಸಿತು.

“ಎಜಿದಿಯೊ, ಧಕ್ಕೆ ಹಾಡನ್ನ ಮೂರು ಮನೆ ಕೆಳಗೆ ನೀವು ಯಾವಾಗ ಕಲಿತ್ರಿ?”

ಆ ಕಡೆ ಕುರ್ಚಿ ಎಳೆದ ಸದ್ದು.

“ಎಜಿದಿಯೊ, ಕೇಳ್ತಿದ್ಯಾ?”

“ಕೇಳ್ತು ಕಣೋ,” ಎಂದ ಎಜಿದಿಯೊ. “ಬೈಬೇಡ. ಬುಧವಾರ ನೀನು ಮನೆಗೆ ಹೋದ್ಮೇಲೆ ನಾವು ಇನ್ನೂ ಸ್ವಲ್ಪ ಹೊತ್ತು ಇರ್ತೀವಿ. ಎಲ್ಲಾ ಹಾಡನ್ನೂ ಇನ್ನೊಂದ್ಸಲ ಬಾರಿಸ್ತೀವಿ. ಕೆಳಗಿನ ಶ್ರುತೀಲಿ.”

“ಎಲ್ಲಾ ಹಾಡನ್ನೂ? ಯಾವತ್ತಿಂದ?”

“ಆರೇಳು ವರ್ಷ ಆಗಿರಬೇಕು. ನೀನು ಯಾವತ್ತೋ ಒಂದಿನ ಶ್ರುತಿ ಇಳಿಸಿ ಅಂತ ಕೇಳ್ತೀಯ, ಆಗ ನಾವು ತಡಕಾಡಿದ್ರೆ ನಿನಗೆ ಅವಮಾನ ಆಗುತ್ತಲ್ಲ, ಅದಕ್ಕೆ. ನೀನು ಕೇಳ್ಲೇ ಇಲ್ಲ.”

ಲಿವಿಯೊ ಫೋನ್ ಹಿಡಿದು ನಿಂತೇ ಇದ್ದ. ಇದು ನನಗೂ ಗೊತ್ತಿರಲಿಲ್ಲ. ಬುಧವಾರ ಇವನು ಬೇಗ ಬಂದು ಮಲಗುತ್ತಿದ್ದ, ಅವರ ಹೆಂಡತಿಯರು ನನ್ನ ಹತ್ತಿರ ಗಂಡಂದಿರು ತಡವಾಗಿ ಬರುತ್ತಾರೆಂದು ಗೊಣಗುತ್ತಿದ್ದರು. ಕುಡಿಯಲು ಹೋಗುತ್ತಾರೆ ಎಂದುಕೊಂಡಿದ್ದೆ ನಾನು. ಎಲ್ಲರೂ ಅರವತ್ತು ದಾಟಿದವರು, ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಸಕ್ಕರೆ ಕಾಯಿಲೆ.

ಬೆನಾಶ್ ಎದ್ದು ಗೋಡೆಯ ಕಡೆ ತಿರುಗಿ, ಅಲ್ಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

“ಲಿವಿಯೊ?” ಎಂದು ಫೋನಿನಲ್ಲಿ ಎಜಿದಿಯೊ ಕೂಗಿದ. “ಸಿಟ್ಟು ಬಂತಾ?”

ಲಿವಿಯೊ ಅಂಗೈಯಿಂದ ಮೂಗು ಒರೆಸಿಕೊಂಡ.

“ಕೋಟೆಯೋರಿಗೆ ಫೋನ್ ಮಾಡು,” ಎಂದ ಕೊನೆಗೆ. “ಭಿತ್ತಿಪತ್ರ ಅಚ್ಚಿಗೆ ಹೋಗೋದ್ರೊಳಗೆ. ನಾವೇ ಬರ್ತೀವಿ ಅನ್ನು. ಇನ್ನು ನಾಳೆಯಿಂದ ದಿನಾ ಅಭ್ಯಾಸ.”

“ದಿನಾನಾ? ಯಾಕೋ? ನಮಗೆಲ್ಲಾ ಬರುತ್ತಲ್ಲ!”

“ನಿಮಗೆ ಬರುತ್ತೆ,” ಎಂದ ನನ್ನ ಗಂಡ. “ಕಲೀಬೇಕಾಗಿರೋನು ನಾನೊಬ್ನೇ.”